ಮೂರನೇ ತಂತಿ

ಸೊಸೆಯ ಕೆಲಸವೆಂದರೆ ಕಳ್ಳರನ್ನು ನೋಡುವುದು. ಮುಂದಿನ ಕೋಣೆಯ ಮೂಲೆಯಲ್ಲಿ, ಮೊದಲು ಹೊಲಿಗೆ ಮಿಷನ್ನು ಇದ್ದ ಜಾಗದಲ್ಲಿ, ಈಗ ದೊಡ್ಡದೊಂದು ಪರದೆ ಕೂತಿತ್ತು. ಅದರಲ್ಲಿ ಹದಿನಾರು ಚೌಕ. ಒಂದೊಂದು ಚೌಕದಲ್ಲೂ ಎಲ್ಲೋ ಇರುವ ಒಂದೊಂದು ಅಂಗಡಿ. ಯಾರು ಸೋಪನ್ನು ಬುಟ್ಟಿಗೆ ಹಾಕುವ ಬದಲು ಅಂಗಿಯೊಳಗೆ ಇಳಿಸಿದರೆಂದು ಕಂಡುಹಿಡಿದು ಆ ಅಂಗಡಿಯ ಕಾವಲುಗಾರನ ಕಿವಿಗೆ ಹೇಳಬೇಕು. ಬಟ್ಟೆ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಅತ್ತೆಯ ಬಾಯಿಗೆ ಸಿಕ್ಕಿಬಿದ್ದಿದ್ದವಳಿಗೆ ಇದು ಹೋದ ಜೀವ ಬಂದಂತಹ ಕೆಲಸ.

ಆದರೆ ಮನೆಯ ಇಂಟರ್ನೆಟ್ಟಿಗೆ ಕುಂಟು ಕಾಲು. ಕಳ್ಳ ಶೆಲ್ಫಿಗೆ ಕೈ ಹಾಕಿದವನು ಹಾಕಿದಂತೆಯೇ ನಿಂತುಬಿಡುತ್ತಿದ್ದ. ಚಿತ್ರ ಮತ್ತೆ ಓಡುವ ಹೊತ್ತಿಗೆ ಶೆಲ್ಫೂ ಖಾಲಿ, ಕಳ್ಳನೂ ಇಲ್ಲ.

"ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದ್ರು," ಎಂದು ಸೊಸೆ ಊಟಕ್ಕೆ ಕೂತಾಗ ಹೇಳಿದಳು.

ಊಟವೆಂದರೆ ಬ್ರೆಡ್ಡು. ಗಂಡ ಬೇಕರಿಯ ವ್ಯಾನು ಓಡಿಸುತ್ತಿದ್ದ. ಅಂಗಡಿಗಳಲ್ಲಿ ಖರ್ಚಾಗದೆ ವಾಪಸು ಬಂದದ್ದು ಪುಕ್ಕಟೆಯಾಗಿ ಮನೆ ಸೇರುತ್ತಿತ್ತು. ಆಲೂಗಡ್ಡೆ ಜೊತೆ ಬ್ರೆಡ್ಡು, ಮೊಟ್ಟೆ ಜೊತೆ ಬ್ರೆಡ್ಡು, ಏನೂ ಇಲ್ಲದ ದಿನ ಬ್ರೆಡ್ಡಿನ ಜೊತೆ ಬ್ರೆಡ್ಡು.

"ಕಳ್ಳರನ್ನ ನೋಡೋಕೂ ಸಂಬಳ ಕೊಡ್ತಾರೆ," ಎಂದಳು ಅಜ್ಜಿ, ತುಂಡನ್ನು ಸೂಪಿನಲ್ಲಿ ಅದ್ದುತ್ತ. "ನಾನು ಇಪ್ಪತ್ತು ವರ್ಷದಿಂದ ಒಬ್ಬಳನ್ನ ಬಿಟ್ಟಿಯಾಗಿ ನೋಡ್ತಾ ಇದೀನಿ."

ಮೊಮ್ಮಗಳು ನಗು ಬಂದು ತಲೆ ತಗ್ಗಿಸಿದಳು. ಸೊಸೆ ಕೇಳಿಸದವಳಂತೆ ಉಪ್ಪಿನ ಡಬ್ಬಿ ಎತ್ತಿಕೊಂಡಳು. ಈ ಮನೆಯಲ್ಲಿ ಅಜ್ಜಿಯ ಮಾತಿಗೆ ಉತ್ತರ ಕೊಟ್ಟರೆ ಊಟ ತಣ್ಣಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅದಿರ್ಲಿ. ಗುಬ್ಬಿ ವಿಷಯ ಏನ್ ಮಾಡ್ದೆ?" ಎಂದು ಅಜ್ಜಿ ಮಗನ ಕಡೆ ತಿರುಗಿದಳು.

ಗುಬ್ಬಿ ಎಂದರೆ ಅಜ್ಜಿಯ ಮಗಳು. ಒಂದು ಇಡೀ ದಿನದ ಪ್ರಯಾಣದಷ್ಟು ದೂರಕ್ಕೆ ಮದುವೆಯಾಗಿ ಹೋದವಳು. ಗಂಡ ಲಾರಿ ಬ್ರೋಕರು. ಕೈ ಮಾಡುವ ಗಂಡಸು. ಹೆಂಡತಿಯ ಮೊಬೈಲನ್ನು ಗೋಡೆಗೆ ಹೊಡೆದು ಪುಡಿ ಮಾಡಿದ ಮೇಲೆ ಅವಳು ಶುಕ್ರವಾರ ಮಧ್ಯಾಹ್ನ, ಅವನು ಬಾಕಿ ವಸೂಲಿಗೆ ಹೋದ ಹೊತ್ತಿನಲ್ಲಿ, ಅವನಿಗೆ ತಿಳಿಯದ ಹಾಗೆ, ಬೀದಿಯ ತುದಿಯ ಟೈಲರ್ ಅಂಗಡಿಯಿಂದ ಅಮ್ಮನಿಗೆ ಫೋನು ಮಾಡುತ್ತಿದ್ದಳು. ಅವಳಿಗೆ ಬಾಯಿಪಾಠವಿದ್ದ ನಂಬರು ಅದೊಂದೇ, ಹುಟ್ಟಿದ ಮನೆಯದು. ಟೈಲರ್ ಅಂಗಡಿಯ ನಂಬರು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣನ ಮೊಬೈಲ್ ನಂಬರನ್ನು ಅವಳು ಕೇಳಿರಲೂ ಇಲ್ಲ, ಅವನು ಕೊಟ್ಟಿರಲೂ ಇಲ್ಲ. ಅಪ್ಪ ಸತ್ತ ವಾರವೇ ಮನೆಯ ಪಾಲಿನ ಮಾತು ಬಂದು ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಕಳೆದ ಶುಕ್ರವಾರ ಅವಳು ಅತ್ತು, ವಾಪಸು ಬಂದುಬಿಡಲಾ ಎಂದು ಕೇಳಿದ್ದಳು. ಮುಂದಿನ ಶುಕ್ರವಾರ ಮಾಡು, ನಿನ್ನ ಅಣ್ಣನ್ನ ಒಪ್ಪಿಸಿ ಹೇಳ್ತೀನಿ ಎಂದು ಅಜ್ಜಿ ಮಾತು ಕೊಟ್ಟಿದ್ದಳು. ಆವತ್ತಿನಿಂದ ಊಟಕ್ಕೆ ಕೂತಾಗಲೆಲ್ಲ ಮಗನ ತಲೆ ತಿನ್ನುತ್ತಿದ್ದಳು.

"ಬರ್ಲಿ ಬಿಡಮ್ಮ," ಎಂದ ಮಗ, ಸಾಕಾಗಿ. "ಹಿಂದಿನ ಚಿಕ್ಕ ರೂಮಲ್ಲಿ ಇರ್ಲಿ. ಆದ್ರೆ ಪಾಲುಗೀಲು ಅಂತ ಬಾಯಿ ತೆಗೀಬಾರದು."

"ಆ ರೂಮು ನಂಗೆ ಅಂದಿದ್ರಲ್ಲ," ಎಂದಳು ಮೊಮ್ಮಗಳು. ಕಾಲೇಜಿಗೆ ಹೋಗುವ ಹುಡುಗಿ. ಅಮ್ಮನ ಪರದೆಯ ಬೆಳಕಿನ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದಳು.

"ನಿನ್ನ ಅತ್ತೆ ಮೈ ತುಂಬ ಬಾಸುಂಡೆ ಹೊತ್ಕೊಂಡು ಬರ್ತಾಳೆ, ನಿಂಗೆ ರೂಮಿನ ಚಿಂತೆ," ಎಂದಳು ಅಜ್ಜಿ. "ಅಮ್ಮನ ಮಗಳೇ ಸರಿ."

ಅಜ್ಜಿ ಕೈ ತೊಳೆಯಲು ಎದ್ದಳು. ಸೊಸೆ ಗಂಡನ ಮುಖ ನೋಡಿದಳು. ಗಂಡ ಬ್ರೆಡ್ಡು ನೋಡಿದ.

ಇಂಟರ್ನೆಟ್ಟಿನ ರೋಗಕ್ಕೆ ಮದ್ದು ಹುಡುಕಿದವಳು ಮೊಮ್ಮಗಳು. ಮೊಬೈಲಿನಲ್ಲಿ ಎಲ್ಲೋ ಓದಿಕೊಂಡು, ಗುರುವಾರ ಸಂಜೆ ಸ್ಕ್ರೂಡ್ರೈವರ್ ಹಿಡಿದು ಅಪ್ಪನ ಮುಂದೆ ನಿಂತಳು.

"ತಪ್ಪು ಹೊರಗಿನ ಲೈನಿಂದಲ್ಲಪ್ಪ. ಅಜ್ಜಿ ರೂಮಿಗೆ ಹೋಗಿದೆಯಲ್ಲ, ಆ ತಂತೀದು."

ಬೀದಿಯ ಲೈನು ಬಂದು ಸೇರುವುದು ಮುಂಬಾಗಿಲ ಪಕ್ಕದ ಗೋಡೆಯ ಡಬ್ಬಿಗೆ. ಅಲ್ಲಿಂದ ಅಜ್ಜಿಯ ಮಂಚದವರೆಗೆ ತಂತಿ ಎಳೆದವನು ತೀರಿಹೋದ ಅಜ್ಜ. ಗೋಡೆಯ ಬುಡಕ್ಕೆ ಕ್ಲಿಪ್ಪು ಹೊಡೆದು, ಬಾಗಿಲ ಚೌಕಟ್ಟಿಗೆ ತೂತು ಕೊರೆದು, ಮೇಲೆ ಬಣ್ಣ ಬಳಿದಿದ್ದ. ಮುಂದಿನ ಕೋಣೆಯ ಫೋನು ಕೆಟ್ಟ ಮೇಲೆ ಅಲ್ಲಿ ಇಂಟರ್ನೆಟ್ಟಿನ ಮೋಡೆಮ್ಮು ಬಂದು ಕೂತಿತು. ಈಗ ಮನೆಯ ನಂಬರಿಗೆ ಯಾರು ಕರೆದರೂ ಗಂಟೆ ಹೊಡೆಯುವುದು ಅಜ್ಜಿಯ ತಲೆದಿಂಬಿನ ಪಕ್ಕದ ಇಟ್ಟಿಗೆಯಂಥ ಹಳೆಯ ಫೋನಿನಲ್ಲಿ ಮಾತ್ರ.

"ಅದರೊಳಗೆ ಮೂರು ತಂತಿ ಇವೆ. ಎರಡು ಮಾತಿಗೆ. ಮೂರನೇದು ಬರೀ ಗಂಟೆ ಹೊಡಿಯೋಕೆ. ಅದು ಫ್ರಿಜ್ಜು, ಟ್ಯೂಬ್‌ಲೈಟು ಎಲ್ಲದರ ಗಲಾಟೇನೂ ಹಿಡ್ಕೊಂಡು ಬಂದು ಲೈನಿಗೆ ಸುರಿಯುತ್ತಂತೆ. ಅದನ್ನ ಈ ಡಬ್ಬೀಲಿ ಬಿಚ್ಚಿಬಿಟ್ರೆ ಸಾಕಂತೆ."

"ಶಾಕ್ ಹೊಡಿಯಲ್ವಾ?"

"ಯಾರಾದ್ರೂ ಫೋನ್ ಮಾಡಿದ ಹೊತ್ತಿಗೆ ಮುಟ್ಟಿದ್ರೆ ಚುರ್ ಅನ್ನುತ್ತೆ. ಇವತ್ತು ಯಾರು ಮಾಡ್ತಾರೆ?"

ಡಬ್ಬಿಯ ಮುಚ್ಚಳ ಬಿಚ್ಚಿ, ಮೂರನೇ ತಂತಿಯನ್ನು ಸ್ಕ್ರೂವಿನಿಂದ ಬಿಡಿಸಿ, ತುದಿಗೆ ಟೇಪು ಸುತ್ತಿದಳು. ಕಾಲು ಗಂಟೆಯ ಕೆಲಸ. ಪರದೆಯ ಹದಿನಾರು ಅಂಗಡಿಗಳೂ ನೀರು ಹರಿದಂತೆ ಓಡತೊಡಗಿದವು. ಸೊಸೆ ಕುರ್ಚಿಯಿಂದ ಎದ್ದು ಬಂದು ಮಗಳ ತಲೆ ಸವರಿದಳು. ಅವಳು ಯಾರನ್ನಾದರೂ ಮುಟ್ಟಿ ಮಾತಾಡಿಸಿ ಎಷ್ಟೋ ಕಾಲವಾಗಿತ್ತು.

ಹುಡುಗಿ ಒಳ್ಳೆಯ ಕೆಲಸಗಾರ್ತಿ. ಅಜ್ಜಿ ಸ್ನಾನಕ್ಕೆ ಹೋಗಿದ್ದಾಗ ತನ್ನ ಮೊಬೈಲಿನಿಂದ ಮನೆಯ ನಂಬರಿಗೆ ಕರೆ ಮಾಡಿ ಪರೀಕ್ಷೆಯನ್ನೂ ಮಾಡಿದಳು. ಆಮೇಲೆ ಅಡುಗೆಮನೆಗೆ ಹೋದಳು.

"ಅಮ್ಮ, ಅಜ್ಜಿ ಫೋನು ರಿಂಗ್ ಆಗ್ತಿಲ್ಲ."

"ಎತ್ತಿದ್ರೆ ಸದ್ದು ಬರುತ್ತಾ?"

"ಬರುತ್ತೆ. ಮಾತೂ ಆಡ್ಬಹುದು. ಗಂಟೆ ಒಂದು ಹೊಡಿಯಲ್ಲ. ಹೊಸ ಫೋನು ಹಾಕಿದ್ರೆ ಆ ತಂತಿ ಇಲ್ದೇನೂ ಹೊಡಿಯುತ್ತಂತೆ. ಚಿಕ್ಕದು ಸಾಕು."

ಸೊಸೆ ಆಲೂಗಡ್ಡೆಯ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲಿಲ್ಲ. "ಮುಂದಿನ ತಿಂಗಳು ತರೋಣ."

"ನಾಳೆ ಶುಕ್ರವಾರ ಅಮ್ಮ. ಗುಬ್ಬಿ ಅತ್ತೆ ಮಾಡ್ತಾರೆ."

"ಗೊತ್ತು."

ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಇಳಿಯಿತು. ಪ್ರತಿ ಶುಕ್ರವಾರ ಗೋಡೆಯಾಚೆಯಿಂದ ಬರುತ್ತಿದ್ದ ಅಜ್ಜಿಯ ದೊಡ್ಡ ದನಿ ಸೊಸೆಗೆ ಗೊತ್ತಿತ್ತು: ನಿನ್ನ ಅತ್ತಿಗೆ ಹೀಗೆ, ನಿನ್ನ ಅತ್ತಿಗೆ ಹಾಗೆ, ಕೈಗೆ ರುಚಿಯಿಲ್ಲ, ಮುಖಕ್ಕೆ ಕಳೆಯಿಲ್ಲ. ಗುಬ್ಬಿ ಬಂದರೆ ಅಮ್ಮ ಮಗಳಿಬ್ಬರೂ ಒಂದೇ ಗೋಡೆಯಾಚೆ ಕೂತು ಅದನ್ನೇ ಮಾತಾಡುತ್ತಾರೆ, ದಿನವಿಡೀ.

"ನಿಂಗೆ ರೂಮು ಬೇಕೋ ಬೇಡ್ವೋ?" ಎಂದು ಮಾತ್ರ ಕೇಳಿದಳು.

ಮೊಮ್ಮಗಳು ಸ್ಕ್ರೂಡ್ರೈವರನ್ನು ಅದರ ಜಾಗದಲ್ಲಿಟ್ಟಳು.

ಮಾರನೆಯ ದಿನ ಅಜ್ಜಿ ತಲೆ ಬಾಚಿಕೊಂಡು ಫೋನಿನ ಪಕ್ಕ ಕೂತಳು. ಮಗಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಒಳ್ಳೆಯ ಸೀರೆ ಉಟ್ಟಿದ್ದಳು. ಕತ್ತಲಾಗುವವರೆಗೆ ಕೂತಳು. ಏನೋ ಅಡ್ಡಿ ಬಂದಿರಬೇಕು ಅಂದುಕೊಂಡು ಎದ್ದಳು.

ಮುಂದಿನ ಶುಕ್ರವಾರವೂ ಹಾಗೇ ಹೋಯಿತು. ಅಂದು ಸಂಜೆ ಮಗನನ್ನು ಕರೆದಳು. "ನೋಡೋ, ಈ ಫೋನಿಗೇನಾದ್ರೂ ಆಗಿದ್ಯಾ?"

ಮಗ ಎತ್ತಿ ಕಿವಿಗಿಟ್ಟುಕೊಂಡ. ಗುಂಯ್ ಎನ್ನುತ್ತಿತ್ತು. "ಚೆನ್ನಾಗೇ ಇದೆ. ನೀನೇ ಕೇಳು."

ಅವನಿಗೆ ಹೆಂಡತಿ ಎಲ್ಲವನ್ನೂ ಹೇಳಿಯಾಗಿತ್ತು. ಸುಳ್ಳು ಹೇಳದೆಯೇ ಅಮ್ಮನಿಗೆ ಮೋಸ ಮಾಡಿದ ಸಮಾಧಾನದಲ್ಲಿ ಅವನು ಮುಖ ತೊಳೆಯಲು ಹೋದ. ಇಂಥ ಗಂಡಸರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಮೂರನೆಯ ವಾರಕ್ಕೆ ಅಜ್ಜಿಯ ಸಿಟ್ಟು ಮಗಳ ಕಡೆ ತಿರುಗಿತು.

"ರಾಜಿ ಆಗಿರ್ತಾಳೆ. ಅವನ ಎರಡು ಸಿಹಿ ಮಾತಿಗೆ ಕರಗೋ ಜಾತಿ ಅದು. ನಾನಿಲ್ಲಿ ಎಲ್ಲರ ಕಾಲು ಹಿಡಿದು ರೂಮು ಮಾಡಿಸ್ದೆ, ಅವಳಿಗೆ ಒಂದು ಮಾತು ಹೇಳೋಕೂ ಆಗ್ಲಿಲ್ಲ."

"ಹೋಗ್ಲಿ ಬಿಡಿ ಅತ್ತೆ," ಎಂದಳು ಸೊಸೆ, ಸೂಪನ್ನು ಇನ್ನೊಂದು ಸೌಟು ಬಡಿಸುತ್ತ. "ಗಂಡ ಹೆಂಡ್ತಿ ಅಂದ್ಮೇಲೆ ಇವತ್ತು ಜಗಳ, ನಾಳೆ ಒಂದು. ಸಂಸಾರ ಉಳೀತಲ್ಲ."

ಅಜ್ಜಿ ಬಟ್ಟಲಿನಿಂದ ತಲೆ ಎತ್ತಿ ಸೊಸೆಯನ್ನು ನೋಡಿದಳು. "ಹೊಟ್ಟೇಲಿ ಹುಟ್ಟಿದವಳಿಗಿಂತ ನೀನೇ ವಾಸಿ ಕಣೇ. ಸೂಪಾದ್ರೂ ಬಿಸಿ ಮಾಡಿ ಹಾಕ್ತೀಯ."

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಬಂದ ಒಳ್ಳೆಯ ಮಾತು. ಸೊಸೆಯ ಮುಖ ಕೆಂಪಾಯಿತು. ಅವಳು ಆ ಮಾತನ್ನು ಬೇಡ ಅನ್ನಲಿಲ್ಲ, ತೆಗೆದುಕೊಂಡಳು. ಮೊಮ್ಮಗಳು ಮಾತ್ರ ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ನಾಲ್ಕನೆಯ ಶುಕ್ರವಾರ ಅಜ್ಜಿ ಕಾಯುತ್ತಿರಲಿಲ್ಲ. ಮಂಚದ ಮೇಲಿನ ಧೂಳು ಹೊಡೆಯುತ್ತಿದ್ದವಳು, ಫೋನನ್ನೂ ಒರೆಸೋಣವೆಂದು ರಿಸೀವರ್ ಎತ್ತಿದಳು. ಗುಂಯ್ ಸದ್ದು ಬರಲಿಲ್ಲ.

"ಅಮ್ಮಾ?" ಎಂದಿತು ಒಳಗಿನಿಂದ. "ಅಮ್ಮ, ನೀನೇನಾ?"

ಅಜ್ಜಿ ಒರೆಸುವ ಬಟ್ಟೆ ಹಿಡಿದೇ ಮಂಚದ ಮೇಲೆ ಕೂತಳು. ಮೊದಲು ಜೀವ ಹಗುರಾಯಿತು. ಅದರ ಬೆನ್ನಿಗೇ ಮೂರು ವಾರ ಹೊಟ್ಟೆಯಲ್ಲಿ ಕಾಯಿಸಿಟ್ಟದ್ದೆಲ್ಲ ಉಕ್ಕಿ ಬಂತು.

"ಈಗ ನೆನಪಾಯ್ತಾ ಅಮ್ಮ ಅಂತ ಒಬ್ಬಳು ಇದಾಳೆ ಅಂತ?"

"ಪ್ರತಿ ಶುಕ್ರವಾರ ಮಾಡಿದೀನಮ್ಮ. ರಿಂಗ್ ಆಗುತ್ತೆ, ಆಗುತ್ತೆ, ಯಾರೂ ಎತ್ತಲ್ಲ. ಟೈಲರ್ ಮುಖ ನೋಡೋಕೂ ನಾಚಿಕೆ ಆಗುತ್ತೆ."

"ಸುಳ್ಳು ಬೇರೆ ಹೇಳ್ತೀಯಾ? ಫೋನಿನ ಪಕ್ಕ ಕಾವಲು ನಾಯಿ ಥರ ಕೂತಿದೀನಿ ನಾನು. ಒಂದು ಸಲ ಹೊಡೆದಿದ್ರೆ ಕೇಳು. ಗಂಡನ ಜೊತೆ ಕೂಡ್ಕೊಂಡೆ, ಅಮ್ಮ ಬೇಡವಾದ್ಲು. ಈಗ ಮತ್ತೆ ಹೊಡೆದನಾ? ಹೊಡೀಲಿ. ನಿಂಗೆ ಇಲ್ಲಿ ರೂಮೂ ಇಲ್ಲ, ಅಮ್ಮನೂ ಇಲ್ಲ. ಅಲ್ಲೇ ಬಿದ್ದು ಸಾಯಿ."

ಆ ಕಡೆ ಎಲ್ಲೋ ಹೊಲಿಗೆ ಮಿಷನ್ನು ಓಡುತ್ತಿತ್ತು.

"ಆಯ್ತಮ್ಮ," ಎಂದಳು ಮಗಳು. ಫೋನಿಟ್ಟಳು.

ಮೊಮ್ಮಗಳು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಏದುಸಿರು ಬಿಡುತ್ತಿದ್ದಳು; ಬೈದು ಗೆದ್ದವರ ಮುಖ. ಆ ಮುಖ ಹಾಗೆಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹುಬ್ಬು ಗಂಟಾಯಿತು.

"ಈಗ ಗಂಟೆ ಹೊಡೀತಾ?" ಎಂದು ಕೇಳಿದಳು.

ಹುಡುಗಿ ಚಹಾ ಲೋಟವನ್ನು ಮಂಚದ ಪಕ್ಕ ಇಟ್ಟಳು.

"ಹೊಡೀಲಿಲ್ಲ. ಆದ್ರೂ ಅವಳು ಒಳಗಿದ್ಲು." ಅಜ್ಜಿ ಫೋನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. "ಏನ್ ಮಾಡಿದೀರೇ ಇದಕ್ಕೆ?"

ಹುಡುಗಿ ಎಲ್ಲವನ್ನೂ ಹೇಳಿದಳು. ತಂತಿ, ಟೇಪು, ಅಮ್ಮನ ಸಂಬಳ, ಅಪ್ಪನಿಗೂ ಗೊತ್ತು ಎಂಬುದು. ರೂಮಿನ ವಿಷಯ ಒಂದನ್ನು ಬಿಟ್ಟಳು. ಅಜ್ಜಿ ಅದನ್ನೂ ತಾನೇ ಸೇರಿಸಿಕೊಂಡಂತೆ ಕಂಡಿತು.

ರಾತ್ರಿ ಊಟಕ್ಕೆ ಮೊಟ್ಟೆಯಿತ್ತು. ಯಾರೂ ಮುಟ್ಟಲಿಲ್ಲ.

"ಹೋಗಿ ಕರ್ಕೊಂಡು ಬಾ ಅವಳನ್ನ," ಎಂದಳು ಅಜ್ಜಿ.

"ರಜೆ ಯಾರು ಕೊಡ್ತಾರೆ? ವ್ಯಾನು ಯಾರು ಓಡಿಸ್ತಾರೆ?" ಎಂದ ಮಗ. "ನಾನು ಬರಬೇಡ ಅಂದ್ನಾ? ಬಾ ಅಂತ ಒಪ್ಕೊಂಡಿದ್ದು ನಾನು. ಸಾಯಿ ಅಂದವಳು ನೀನು."

"ನನ್ನ ಬಾಯಲ್ಲಿ ಆ ಮಾತು ಹಾಕಿಸಿದ್ದು ನಿನ್ನ ಹೆಂಡ್ತಿ."

"ನಿಮ್ಮ ಬಾಯಿಗೆ ಯಾರೂ ಏನೂ ಹಾಕಬೇಕಾಗಿಲ್ಲ ಅತ್ತೆ," ಎಂದಳು ಸೊಸೆ. ದನಿ ಏರಿಸಲಿಲ್ಲ. "ಅದು ಯಾವಾಗ್ಲೂ ತುಂಬ್ಕೊಂಡೇ ಇರುತ್ತೆ. ಇಷ್ಟು ವರ್ಷ ನಾನು ತಿಂದೆ. ಈ ಸಲ ನಿಮ್ಮ ಮಗಳು ತಿಂದಳು."

ಅಜ್ಜಿ ಮಾತಿಲ್ಲದೆ ಸೋತದ್ದನ್ನು ಆ ಮನೆ ಅದೇ ಮೊದಲು ನೋಡಿದ್ದು.

"ಅಳಿಯನಿಗಾದ್ರೂ ಫೋನ್ ಮಾಡೋ," ಎಂದಳು ಕೊನೆಗೆ, ಮಗನಿಗೆ. "ಅವಳ ಕೈಗೆ ಕೊಡು ಅನ್ನು. ಒಂದೇ ಮಾತು."

ಮಗ ತನ್ನ ಮೊಬೈಲಿನಿಂದ ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಹೆಚ್ಚು ಮಾತಿನ ಅಭ್ಯಾಸವಿಲ್ಲದವನು. ಹೇಗಾದರೂ ಬೇಗ ಮುಗಿಸಿದರೆ ಸಾಕಾಗಿತ್ತು.

"ಏನಿಲ್ಲ ಭಾವ, ಅಮ್ಮ ತಂಗಿ ಜೊತೆ ಮಾತಾಡ್ಬೇಕಂತೆ. ಶುಕ್ರವಾರ ಶುಕ್ರವಾರ ಟೈಲರ್ ಅಂಗಡಿಯಿಂದ ಮಾಡ್ತಿದ್ಲಲ್ಲ, ನಮ್ಮ ಫೋನು ಸ್ವಲ್ಪ ತೊಂದ್ರೆ ಆಗಿತ್ತು, ಅದಕ್ಕೆ."

ತಾನು ಹೇಳಿದ್ದೇನೆಂದು ಅವನಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು.

"ಓ, ಟೈಲರ್ ಅಂಗಡಿಯಿಂದಾ," ಎಂದಿತು ಮೊಬೈಲು, ಬಹಳ ಮರ್ಯಾದೆಯ ದನಿಯಲ್ಲಿ. "ಅವಳು ಅಡುಗೆಮನೇಲಿದಾಳೆ. ಆರಾಮಾಗಿದಾಳೆ. ನಾನು ಹೇಳ್ತೀನಿ ಬಿಡಿ."

ಅಜ್ಜಿ ತಟ್ಟೆಯಿಂದ ಎದ್ದು ತನ್ನ ಕೋಣೆಗೆ ಹೋದಳು. ಮಗ ಎಲ್ಲರ ಮೊಟ್ಟೆಯನ್ನೂ ಒಂದು ಬಟ್ಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟ.

ಆಮೇಲೆ ಒಂದು ಒಪ್ಪಂದವಾಯಿತು. ಶುಕ್ರವಾರ ಮಧ್ಯಾಹ್ನ ಸೊಸೆಗೆ ಒಂದು ಗಂಟೆ ಬಿಡುವು. ಆ ಹೊತ್ತಿನಲ್ಲಿ ಮೂರನೇ ತಂತಿಯನ್ನು ಹಾಕುವುದು, ಅವಳು ಮತ್ತೆ ಪರದೆಯ ಮುಂದೆ ಕೂತ ಕೂಡಲೇ ತೆಗೆಯುವುದು. ಹೊಸ ಫೋನು ತರುತ್ತೇನೆಂದು ಮಗ ಎರಡು ಸಲ ಹೇಳಿ ಎರಡು ಸಲ ಮರೆತ. ಗಂಟೆ ಇದ್ದರೂ ಹೊಡೆಯುವವರಿಲ್ಲ, ಇನ್ನು ಫೋನು ಯಾಕೆ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಹಾಗೆ ಹೇಳುವ ಧೈರ್ಯವಿರಲಿಲ್ಲ.

ಅಜ್ಜಿ ಈಗ ಮಾತು ಕಡಿಮೆ ಮಾಡಿದ್ದಳು. ಸೂಪು ಸಪ್ಪೆಯೆನ್ನುತ್ತಿರಲಿಲ್ಲ, ಸೊಸೆಯನ್ನು ಕೆಣಕುತ್ತಿರಲಿಲ್ಲ. ಶುಕ್ರವಾರ ಬಂದರೆ ಒಂದೇ ಮಾತು. "ಸರಿಯಾಗಿ ಹಾಕಿದ್ಯೇನೇ? ಹೊಡಿಯುತ್ತಾ?"

"ಹಾಕಿದೀನಿ ಅಜ್ಜಿ."

ಗಂಟೆ ಹೊಡೆಯುತ್ತಿರಲಿಲ್ಲ. ಸೊಸೆ ಬಿಡುವು ಮುಗಿಸಿ ಬರುತ್ತಿದ್ದಳು, ತಂತಿ ಹೊರಗೆ ಬರುತ್ತಿತ್ತು. ಕೆಲವು ವಾರ ಹೀಗೇ ನಡೆಯಿತು.

ಒಂದು ಶುಕ್ರವಾರ ಮೊಮ್ಮಗಳು ತಂತಿ ಹಾಕಿದವಳು, ಅಜ್ಜಿ ಕೇಳುವ ಮುಂಚೆ ತಾನೇ ನೋಡಿಬಿಡೋಣವೆಂದುಕೊಂಡಳು. ಅಜ್ಜಿ ಇನ್ನೂ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಳು. ಹುಡುಗಿ ಗೋಡೆಯ ಡಬ್ಬಿಯ ಪಕ್ಕದಲ್ಲೇ ನಿಂತು ಮೊಬೈಲಿನಿಂದ ಮನೆಯ ನಂಬರು ಒತ್ತಿದಳು.

ಅಜ್ಜಿಯ ಕೋಣೆಯಲ್ಲಿ ಗಂಟೆ ಹೊಡೆಯಿತು. ಮನೆಯೆಲ್ಲ ತುಂಬುವಂಥ ಸದ್ದು.

ಅಡುಗೆಮನೆಯಲ್ಲಿ ಕುರ್ಚಿ ಉರುಳಿತು. ತಟ್ಟೆ ಬಿತ್ತು. ಮಂಡಿ ನೋವಿನ ಮುದುಕಿ ಗೋಡೆ ಹಿಡಿದುಕೊಂಡು ಓಡಿದ್ದು ಹುಡುಗಿಗೆ ಕೇಳಿಸಿತು. ಕರೆ ಕತ್ತರಿಸಬೇಕೆಂದು ಬೆರಳು ಎತ್ತುವಷ್ಟರಲ್ಲಿ ಆ ಕಡೆ ರಿಸೀವರ್ ಎದ್ದಿತ್ತು.

"ಗುಬ್ಬಿ, ಇಡಬೇಡ ಕಣೇ, ಇಡಬೇಡ."

ಮಾತು ಗೋಡೆಯಾಚೆಯಿಂದಲೂ ಬಂತು, ಕಿವಿಯೊಳಗಿನಿಂದಲೂ ಬಂತು.

"ಆವತ್ತು ಅಂದಿದ್ದೆಲ್ಲ ಸುಳ್ಳು. ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದೆ. ನೀನು ಫೋನ್ ಮಾಡಿದ್ದು ನಿಜ, ಇವರು ಗಂಟೆ ತಂತಿ ಬಿಚ್ಚಿದ್ರು. ನಂಗೆ ಗೊತ್ತಿರ್ಲಿಲ್ಲ ಮಗಳೇ. ರೂಮು ಇದೆ. ನಿಂದೇ ರೂಮು. ಉಟ್ಟ ಬಟ್ಟೇಲೇ ಹೊರಟು ಬಾ."

ಅಜ್ಜಿ, ನಾನು. ಹುಡುಗಿ ಇಷ್ಟು ಹೇಳಿದ್ದರೆ ಸಾಕಾಗಿತ್ತು.

"ಅವನು ಪಕ್ಕದಲ್ಲಿದಾನಾ? ಮಾತಾಡೋಕೆ ಆಗ್ತಿಲ್ವಾ? ಬೇಡ, ಮಾತಾಡ್ಬೇಡ. ಬರ್ತೀಯ ತಾನೇ? ಹೂಂ ಅನ್ನು ಸಾಕು. ಒಂದು ಸಲ ಹೂಂ ಅನ್ನು."

"ಹೂಂ," ಎಂದಳು ಹುಡುಗಿ. ಕರೆ ಕತ್ತರಿಸಿದಳು.

ಅಜ್ಜಿ ಹೊರಗೆ ಬಂದಾಗ ಸೀರೆಯ ಮೇಲೆಲ್ಲ ಸೂಪು ಚೆಲ್ಲಿತ್ತು. ಮುಖ ಮಾತ್ರ ಹತ್ತು ವರ್ಷ ಹಿಂದಿನದು.

"ಮಾಡಿದ್ಲು ಕಣೇ. ಅವನು ಪಕ್ಕದಲ್ಲೇ ಇದ್ದ, ಪಾಪ, ಮಾತಾಡೋಕಾಗ್ಲಿಲ್ಲ. ಬರ್ತೀನಿ ಅಂದ್ಲು. ದನಿ ಒಂದಿಷ್ಟೂ ಬದಲಾಗಿಲ್ಲ."

ಹುಡುಗಿ ಮೊಬೈಲನ್ನು ಜೇಬಿಗೆ ಹಾಕಿಕೊಂಡಳು. ಸೊಸೆ ಆಗಲೇ ಪರದೆಯ ಮುಂದೆ ಬಂದು ಕೂತಿದ್ದಳು. ಅವಳು ಮಗಳ ಕೈಯನ್ನು ನೋಡಿದಳು, ಜೇಬನ್ನು ನೋಡಿದಳು. ಎಲ್ಲೋ ದೂರದ ಅಂಗಡಿಯಲ್ಲಿ ಯಾರು ಏನನ್ನು ಮುಚ್ಚಿಟ್ಟುಕೊಂಡರೂ ಅವಳಿಗೆ ತಿಳಿಯುತ್ತಿತ್ತು. ಇದು ತಿಳಿಯಲು ಎಷ್ಟು ಹೊತ್ತು ಬೇಕು? ಅವಳು ಕಣ್ಣನ್ನು ಪರದೆಯ ಕಡೆ ತಿರುಗಿಸಿದಳು.

"ಚಿತ್ರ ನಿಂತೋಯ್ತು," ಎಂದಳು ಆಮೇಲೆ. "ತಂತಿ ತೆಗಿ."

"ಇನ್ನು ಸ್ವಲ್ಪ ದಿನ ಹಾಗೇ ಇರ್ಲಿ ಅಮ್ಮ," ಎಂದಳು ಹುಡುಗಿ.

"ತೆಗೆದ್ಬಿಡೇ," ಎಂದಳು ಅಜ್ಜಿ. ಅವಳು ಆಗಲೇ ಪೊರಕೆ ಹಿಡಿದು ಹಿಂದಿನ ಚಿಕ್ಕ ಕೋಣೆಯ ಬಾಗಿಲು ತೆರೆದಿದ್ದಳು. "ಅವಳೇ ಬರ್ತಾಳಲ್ಲ, ಇನ್ನು ಗಂಟೆ ಯಾಕೆ? ನಿಮ್ಮಮ್ಮನ ಕೆಲಸಕ್ಕೆ ಯಾಕೆ ತೊಂದ್ರೆ?"

ಹುಡುಗಿ ಡಬ್ಬಿಯ ಮುಚ್ಚಳ ಬಿಚ್ಚಿದಳು. ತಂತಿ ಬಿಡಿಸಿ, ತುದಿಗೆ ಮತ್ತೆ ಟೇಪು ಸುತ್ತಿದಳು.

"ಹಾಂ, ಈಗ ಓಡ್ತಿದೆ," ಎಂದಳು ಸೊಸೆ.

ಹಿಂದಿನ ಕೋಣೆಯಿಂದ ಪೊರಕೆಯ ಸದ್ದು ಬರುತ್ತಿತ್ತು. ಅಜ್ಜಿ ಮೂಲೆ ಮೂಲೆಯನ್ನೂ ಬಿಡದೆ ಗುಡಿಸುತ್ತಿದ್ದಳು.